ದೀಪಿಕೆಯೂ ಗೈಡೂ: ಹೊರನಾಡ ವಿದ್ಯಾರ್ಥಿಗೆ ಸಲ್ಲಬೇಕಾದ ಆಸರೆ

ವಿದ್ಯಾರ್ಥಿಗೆ ನೆರವಾಗುವ ಬರವಣಿಗೆ ನಮ್ಮ ಸಾಹಿತ್ಯದಲ್ಲಿ ಹೊಸದೇನೂ ಅಲ್ಲ. ಸೂತ್ರಕ್ಕೆ ವೃತ್ತಿ, ವೃತ್ತಿಗೆ ಪ್ರಯೋಗ, ಇವೆಲ್ಲದರ ಮೇಲೊಂದು ಟೀಕೆ ಎಂಬ ಕ್ರಮವು ಶಾಸ್ತ್ರಗ್ರಂಥಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯಗಳಲ್ಲಿ ಸೂತ್ರಗಳನ್ನು ಹೇಳಿ, ತಾನೇ ವೃತ್ತಿಯನ್ನು ರಚಿಸಿ, ಪೂರ್ವಕವಿಗಳಿಂದ ಪ್ರಯೋಗಗಳನ್ನು ಎತ್ತಿಕೊಟ್ಟಿದ್ದಾನೆ. ಅದು ಸಾಲದೆಂದು ಲಿಂಗಣಾರಾಧ್ಯ, ನಿಷ್ಠೂರ ಸಂಜಯ್ಯ ಮೊದಲಾದವರು ಅದಕ್ಕೆ ವ್ಯಾಖ್ಯಾನಗಳನ್ನು ಬರೆದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕೇಶಿರಾಜನ ವ್ಯಾಕರಣವು ಓದುಗನನ್ನು ತನ್ನಲ್ಲಿಯೇ ನಿಲ್ಲಿಸಿಕೊಳ್ಳದೆ ಕವಿಗಳ ಬಳಿಗೆ ಕಳುಹಿಸುತ್ತದೆ. ಮೂಲದ ಕಡೆಗೆ ದಾರಿ ತೋರುವುದೇ ಟೀಕೆಯ ಧರ್ಮ.

ಈ ಧರ್ಮವನ್ನು ನಮ್ಮ ಕಾಲಕ್ಕೆ ಸಮೀಪದಲ್ಲಿ ಪಾಲಿಸಿದ ಕೃತಿಯೆಂದರೆ ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’. ಸಾಮಾನ್ಯವಾಗಿ 941ರಲ್ಲಿ ರಚಿತವಾಯಿತೆಂದು ಹೇಳಲಾಗುವ ‘ವಿಕ್ರಮಾರ್ಜುನ ವಿಜಯ’ದ ಪದ್ಯಗಳ ಮಾತುಗಳನ್ನು ಬಿಡಿಸಿ, ಅನ್ವಯವನ್ನು ತಿಳಿಸಿ, ಅರ್ಥವನ್ನು ಹೇಳುವುದು ಅದರ ರೀತಿ. ಅದನ್ನು ಓದುವವನ ಕಣ್ಣು ಮತ್ತೆ ಮತ್ತೆ ಪದ್ಯಕ್ಕೆ ಹಿಂದಿರುಗಲೇಬೇಕು. ಪಂಪನಿಲ್ಲದೆ ದೀಪಿಕೆಗೆ ಬಾಳಿಲ್ಲ. ಪಂಡಿತರೊಬ್ಬರು ಇಷ್ಟು ವಿನಯದಿಂದ ಕವಿಯ ಹಿಂದೆ ನಿಂತುದು ಕನ್ನಡ ವಿದ್ಯಾರ್ಥಿಗೆ ದೊರೆತ ಭಾಗ್ಯವೆಂದೇ ಹೇಳಬೇಕು.

ಇನ್ನು ಎಂ.ಎ. ಮತ್ತು ನೆಟ್ ಪರೀಕ್ಷೆಗಳಿಗೆಂದು ಮಾರಾಟವಾಗುವ ಗೈಡುಗಳನ್ನು ನೋಡೋಣ. ಕವಿಯ ಕಾಲ, ಆಶ್ರಯದಾತ, ಬಿರುದುಗಳು, ಕೃತಿಯ ವೈಶಿಷ್ಟ್ಯಗಳು ಅಂಕಿ ಹಾಕಿದ ಸಾಲುಗಳಾಗಿ ಅಲ್ಲಿ ನಿಂತಿರುತ್ತವೆ. ‘ಪಂಪನ ಶೈಲಿ ಗಂಭೀರವಾದುದು’ ಎಂಬ ತೀರ್ಪು ಇರುತ್ತದೆ. ಯಾವ ಪದ್ಯದಲ್ಲಿ, ಯಾವ ಮಾತಿನಿಂದ ಆ ಗಾಂಭೀರ್ಯವು ಒದಗಿತೆಂಬ ವಿಚಾರವಿರುವುದಿಲ್ಲ. ಅಲ್ಲಿಯ ಸಂಗತಿಗಳು ತಪ್ಪೆಂದು ನಾವು ಹೇಳುವುದಿಲ್ಲ. ಎಷ್ಟೋ ವೇಳೆ ಅವು ಸರಿಯಾಗಿಯೇ ಇರುತ್ತವೆ. ಆದರೆ ದೀಪಿಕೆಯು ಪದ್ಯವನ್ನು ತೆರೆಯುತ್ತದೆ. ಗೈಡು ಪದ್ಯವನ್ನು ಅನಾವಶ್ಯಕವಾಗಿಸುತ್ತದೆ. ಎರಡೂ ವಿದ್ಯಾರ್ಥಿಗೆ ಆಸರೆಯೆಂದು ಹೇಳಿಕೊಂಡರೂ ಅವುಗಳ ಮುಖ ಬೇರೆ ಬೇರೆ ದಿಕ್ಕಿಗಿದೆ.

ಈ ವಿವೇಚನೆ ಮುಂಬಯಿಯ ಸುತ್ತಣ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು 1978ರಲ್ಲಿ ಆರಂಭವಾಯಿತು. ಕಲೀನಾದ ವಿದ್ಯಾನಗರಿಗೆ ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಮಧ್ಯ ರೈಲ್ವೆಯ ಗಾಡಿಯಲ್ಲಿಯೂ ನವಿಮುಂಬಯಿಯಿಂದ ಹಾರ್ಬರ್ ಮಾರ್ಗದಲ್ಲಿಯೂ ಕುರ್ಲಾದವರೆಗೆ ಬಂದು ಮುಂದೆ ಹೋಗಬೇಕು. ಹಗಲೆಲ್ಲ ಕಚೇರಿಯಲ್ಲಿ ದುಡಿಯುವವನಿಗೂ ಮನೆವಾರ್ತೆಯ ನಡುವೆ ಓದನ್ನು ಮುಂದುವರಿಸುವ ಗೃಹಿಣಿಗೂ ಉಳಿಯುವ ಬಿಡುವು ಅತ್ಯಲ್ಪ. ಹೀಗಿರುವಲ್ಲಿ ಗೈಡನ್ನು ಹಿಡಿದವರನ್ನು ಸೋಮಾರಿಗಳೆಂದು ಜರೆಯುವುದು ನ್ಯಾಯವಲ್ಲ. ಆದರೆ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಹಣಕ್ಕೆ ಪ್ರಬಂಧವನ್ನೇ ಬರೆದುಕೊಡುವ ‘ಸೇವೆ’ ಎದುರಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ನಿಯಮಗಳಲ್ಲಿ ಕೃತಿಚೌರ್ಯದ ಮಟ್ಟಗಳನ್ನು ಗೊತ್ತುಪಡಿಸಿ ಶಿಕ್ಷೆಯನ್ನು ವಿಧಿಸಿದೆ. ಆದರೂ ಹೋಲಿಕೆಯ ಲೆಕ್ಕವು ನಕಲನ್ನು ಹಿಡಿದೀತೇ ಹೊರತು, ಪರರಿಂದ ಹೊಸದಾಗಿ ಬರೆಸಿದುದನ್ನು ಹಿಡಿಯಲಾರದು. ಕಾವಲಿನಿಂದ ಆಗದ ಕೆಲಸವನ್ನು ಕಲಿಕೆಯೇ ಮಾಡಬೇಕು.

ಎಲ್ಲ ಕಡೆಗೂ ಒಂದೇ ಆಗಿರುವ ಗೈಡಿಗೆ ತಿಳಿಯದ ಮತ್ತೊಂದು ಸಂಗತಿಯಿದೆ. ನಮ್ಮಲ್ಲಿ ಬೆಳೆದ ವಿದ್ಯಾರ್ಥಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಮರಾಠಿಯನ್ನು ಕಲಿತಿರುತ್ತಾನೆ. ಇದನ್ನು ಕೊರತೆಯೆಂದು ಬಗೆಯುವುದೇ ರೂಢಿ. ವಾಸ್ತವವಾಗಿ ಇದೊಂದು ಬಂಡವಾಳ. ಮೋರೋಪಂತನು (1729-1794) ಭಾರತದ ಕಥೆಯನ್ನು ಮರಾಠಿಯಲ್ಲಿ ಆರ್ಯಾ ಛಂದಸ್ಸಿನಲ್ಲಿ ಹಾಡಿದನು. ಆರ್ಯೆಯ ಪಾದಗಳಲ್ಲಿ ಕ್ರಮವಾಗಿ 12, 18, 12, 15 ಮಾತ್ರೆಗಳು. ಪಂಪನ ಕಂದದಲ್ಲಿ 12, 20, 12, 20. ಎರಡರಲ್ಲಿಯೂ ನಾಲ್ಕು ಮಾತ್ರೆಯ ಗಣಗಳೇ ನಡೆಯುತ್ತವೆ. ವಿಷಮ ಸ್ಥಾನದಲ್ಲಿ ಜಗಣ ಬರಕೂಡದೆಂಬ ನಿಯಮವೂ ಸಮಾನ. ಆರ್ಯೆಯ ಬಳಗದ ಆರ್ಯಾಗೀತಿಯೇ ಕಂದದ ಮೂಲವೆಂದು ಛಂದಶ್ಶಾಸ್ತ್ರಜ್ಞರು ಹೇಳುತ್ತಾರೆ. ಶಾಲೆಯಲ್ಲಿ ಆರ್ಯೆಯನ್ನು ಹಾಡಿ ಬಲ್ಲ ಡೊಂಬಿವಲಿಯ ಹುಡುಗನಿಗೆ ಕಂದದ ಲಯ ಅಪರಿಚಿತವಾಗಬೇಕಾಗಿಲ್ಲ. ಆದರೆ ಈ ನಂಟನ್ನು ಎತ್ತಿ ತೋರಿಸಲು ಅವನ ಎದುರಿಗೆ ಕುಳಿತ, ಅವನ ಹಿನ್ನೆಲೆಯನ್ನು ಬಲ್ಲ ಗುರುವೇ ಬೇಕು.

ದೋಷವೆಲ್ಲವನ್ನೂ ಗೈಡಿನ ಮೇಲೆ ಹೊರಿಸುವುದೂ ಸಾಧುವಲ್ಲ. ‘ಕವಿಯ ಜೀವನ ಮತ್ತು ಕೃತಿಗಳನ್ನು ಕುರಿತು ಬರೆಯಿರಿ’ ಎಂಬ ಪ್ರಶ್ನೆ ಇರುವವರೆಗೆ ಅದಕ್ಕೆ ಸಿದ್ಧ ಉತ್ತರವೂ ಇರುತ್ತದೆ. ಓದದಿದ್ದ ಪದ್ಯವೊಂದನ್ನು ಮುಂದಿಟ್ಟು, ‘ಇದರ ಅನ್ವಯವನ್ನು ಬಿಡಿಸಿ, ಇಲ್ಲಿಯ ಸೊಗಸನ್ನು ನಿಮ್ಮ ಮಾತಿನಲ್ಲಿ ನಿರೂಪಿಸಿ’ ಎಂದು ಕೇಳಿದ ದಿನ ಗೈಡಿನ ಬೆಲೆ ತಾನಾಗಿ ಇಳಿದೀತು. ಪ್ರಶ್ನೆಪತ್ರಿಕೆಯೂ ಒಂದು ಬಗೆಯ ವಿಮರ್ಶೆಯೇ. ಯಾವುದು ಓದತಕ್ಕದ್ದು ಎಂಬ ತೀರ್ಪು ಅದರಲ್ಲಿ ಅಡಗಿರುತ್ತದೆ.

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಪರಂಪರೆ ಮುಂಬಯಿ ಕನ್ನಡಿಗರದು. ಆ ಶಾಲೆಗಳನ್ನು ನಡೆಸಿದ ಸಂಘಸಂಸ್ಥೆಗಳು ವಿದ್ಯಾರ್ಥಿಯ ಬಿಡುವಿಗೆ ತಕ್ಕಂತೆ ತಮ್ಮ ವೇಳೆಯನ್ನು ಹೊಂದಿಸಿಕೊಂಡವು. ಇಂದಿನ ಸಂಘಗಳಿಗೂ ಅದೇ ಮಾದರಿ ಸಾಕು. ಊರಿಗೊಂದು ಕೋಣೆ, ವಾರಕ್ಕೊಂದು ಸಂಜೆ, ನಿವೃತ್ತರಾದ ಒಬ್ಬ ಅಧ್ಯಾಪಕರು, ಸಂಜೆಗೆ ನಾಲ್ಕೇ ಪದ್ಯ. ಮೊದಲು ಗಟ್ಟಿಯಾಗಿ ಓದುವುದು, ಅನಂತರ ಬಿಡಿಸುವುದು, ಕಡೆಗೆ ಪ್ರತಿಯೊಬ್ಬನೂ ಅರ್ಧ ಪುಟವನ್ನು ತಾನೇ ಬರೆಯುವುದು. ಅಲ್ಲಿ ಟಿಪ್ಪಣಿಗಳನ್ನು ಹಂಚಬೇಕಾದ ಅಗತ್ಯವಿಲ್ಲ. ವರ್ಷಕ್ಕೆ ನೂರೈವತ್ತು ಪದ್ಯಗಳನ್ನು ಹೀಗೆ ಓದಿದವನು ಪರೀಕ್ಷೆಯಲ್ಲಿ ಹಿಂದೆ ಬೀಳಲಾರನು. ಅದಕ್ಕಿಂತ ಮುಖ್ಯವಾಗಿ, ಪದವಿ ದೊರೆತ ಮೇಲೆಯೂ ಅವನು ಪುಸ್ತಕವನ್ನು ಮುಚ್ಚಲಾರನು. ಹೊರನಾಡಿನಲ್ಲಿ ಕನ್ನಡಕ್ಕೆ ಬೇಕಾಗಿರುವುದು ಪದವೀಧರರ ಎಣಿಕೆಯಲ್ಲ, ಅಂಥ ಓದುಗರು.