ಎದುರಿಗೇ ತಿದ್ದುವ ಕರಡು

1998ರಲ್ಲಿ ಜೆರಿ ಸೈನ್‌ಫೆಲ್ಡ್ ತನ್ನ ಹಳೆಯ ಜೋಕುಗಳಿಗೆ ಅಣಕು ಶವಸಂಸ್ಕಾರ ಮಾಡಿ, ಬ್ರಾಡ್‌ವೇಯಲ್ಲಿ ಅವನ್ನು ಕೊನೆಯ ಬಾರಿ ಹೇಳಿ ಮುಗಿಸಿದ. ಆಮೇಲೆ ಹೊಸದನ್ನು ಕಟ್ಟಲು ಸಣ್ಣ ಕ್ಲಬ್ಬುಗಳನ್ನು ಅಲೆದ ಕಥೆಯೇ ಕ್ರಿಶ್ಚಿಯನ್ ಚಾರ್ಲ್ಸ್ ನಿರ್ದೇಶಿಸಿದ 2002ರ ಸಾಕ್ಷ್ಯಚಿತ್ರ ‘ಕಮೀಡಿಯನ್’.

ಅದರಲ್ಲಿ ಅವನು ನಡುವೆ ಮಾತು ಮರೆತು ನಿಲ್ಲುವ ದೃಶ್ಯವೊಂದಿದೆ. ಟಿವಿಯ ಅಷ್ಟು ದೊಡ್ಡ ಹೆಸರು. ಕಂಡೊಡನೆ ಜನ ಚಪ್ಪಾಳೆ ತಟ್ಟುತ್ತಾರೆ. ಆ ಸಲುಗೆ ಕೆಲವೇ ನಿಮಿಷ. ಆಮೇಲೆ ಜೋಕು ನಗಿಸಬೇಕು, ಇಲ್ಲವೇ ಮೌನ. ಕವಿ ತನ್ನ ಕೆಟ್ಟ ಸಾಲನ್ನು ಯಾರಿಗೂ ಕಾಣದಂತೆ ಹೊಡೆದುಹಾಕಬಹುದು (ನಾವೆಲ್ಲ ಹಾಗೆ ಬಚಾವಾದವರೇ!). ಹಾಸ್ಯಗಾರನ ಕರಡನ್ನು ದುಡ್ಡು ಕೊಟ್ಟು ಬಂದವರು ಅವನ ಮುಖದೆದುರಿಗೇ ತಿದ್ದುತ್ತಾರೆ.

ನನ್ನ ತಕರಾರು ಶುರುವಾಗುವುದೂ ಇಲ್ಲೇ. ಚಿತ್ರ ವೇದಿಕೆಯ ಹಿಂದಿನ ಹರಟೆಗೆ ಮನಸೋಲುತ್ತದೆ. ಒಂದೇ ಜೋಕು ರಾತ್ರಿಯಿಂದ ರಾತ್ರಿಗೆ ಹೇಗೆ ಬದಲಾಯಿತು, ಯಾವ ಪದ ಉದುರಿತು, ಎಲ್ಲಿ ಉಸಿರು ಹಿಡಿದ ಎಂಬುದನ್ನು ಪಟ್ಟಾಗಿ ಕೂತು ತೋರಿಸುವುದಿಲ್ಲ. ಹೆಸರಿಗಾಗಿ ಹಾತೊರೆಯುವ ಆರ್ನಿ ಆಡಮ್ಸ್‌ನನ್ನು ಪಕ್ಕದಲ್ಲಿಟ್ಟು ಸೈನ್‌ಫೆಲ್ಡ್‌ನನ್ನು ಇನ್ನಷ್ಟು ದೊಡ್ಡವನನ್ನಾಗಿ ಮಾಡಿದ್ದೂ ಸುಲಭದ ದಾರಿಯೆನಿಸಿತು.

ಆದರೂ ಬರೆಯುವ ಗೆಳೆಯರಿಗೆ ನೋಡಲು ಹೇಳುತ್ತೇನೆ, ಅವನು ಮರೆತು ನಿಂತ ಆ ಗಳಿಗೆಗಾಗಿ.