ಪಿಡಿಎಫ್‌ನಿಂದ ಹಿಂದಕ್ಕೆ ದಾರಿಯಿಲ್ಲ

ಒಂದು ಕೈಪಿಡಿಯನ್ನು ಹತ್ತು ಮಂದಿ ಸೇರಿ ಬರೆಯುತ್ತಾರೆ. ಓದುವವರಲ್ಲಿ ಒಬ್ಬರದು ವಿಂಡೋಸ್, ಇನ್ನೊಬ್ಬರದು ಲಿನಕ್ಸ್, ಮತ್ತೊಬ್ಬರಿಗೆ ಮೊಬೈಲೇ ಕಂಪ್ಯೂಟರು. ಅದನ್ನು ಎಲ್ಲರಿಗೂ ಹೊಂದುವ ಫಾರ್ಮ್ಯಾಟುಗಳಿಗೆ ಇಳಿಸುವುದು ಹಲವರಿಗೆ ತಲೆನೋವು. ನನಗೆ ಅದೇ ಚಟ. ಈ ಚಟಕ್ಕೆ ಪ್ಯಾಂಡಾಕ್‌ನಷ್ಟು ಒಗ್ಗುವ ತಂತ್ರಾಂಶ ಇನ್ನೊಂದನ್ನು ನಾನು ಕಂಡಿಲ್ಲ.

2006ರಲ್ಲಿ ಇದನ್ನು ಹೊರತಂದ ಜಾನ್ ಮ್ಯಾಕ್‌ಫಾರ್ಲೇನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. ಹತ್ತು ಫಾರ್ಮ್ಯಾಟುಗಳಲ್ಲಿ ಪ್ರತಿಯೊಂದರಿಂದ ಉಳಿದ ಒಂಬತ್ತಕ್ಕೂ ನೇರ ದಾರಿ ಹಾಕಹೊರಟರೆ 90 ಪರಿವರ್ತಕ ಬೇಕು. ಪ್ಯಾಂಡಾಕ್ ಹಾಗೆ ಮಾಡುವುದಿಲ್ಲ. ಬಂದದ್ದನ್ನೆಲ್ಲ ಮೊದಲು ತನ್ನ ನಡುಮನೆಗೆ ಕರೆದುಕೊಳ್ಳುತ್ತದೆ: ಇದು ಶೀರ್ಷಿಕೆ, ಇದು ಪ್ಯಾರಾ, ಇದು ಅಡಿಟಿಪ್ಪಣಿ ಎಂದಷ್ಟೇ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಬೇಕಾದ ಬಾಗಿಲಿನಿಂದ ಹೊರಗೆ. ಓದುವ ಭಾಗ ಹತ್ತು, ಬರೆಯುವ ಭಾಗ ಹತ್ತು, ಇಪ್ಪತ್ತರಲ್ಲಿ ಕೆಲಸ ಮುಗಿಯಿತು. ಅಕ್ಷರದ ಬಣ್ಣ, ಗಾತ್ರ, ಅಂಚಿನ ಅಳತೆಗಳಲ್ಲಿ ಹೆಚ್ಚಿನವು ಹೊಸ್ತಿಲಲ್ಲೇ ಉದುರಿಹೋಗುತ್ತವೆ. ಹೋಗಲಿ ಬಿಡಿ, ವರ್ಡ್‌ನಲ್ಲಿ ಶೀರ್ಷಿಕೆಗೆ ಸ್ಟೈಲ್ ಕೊಡದೆ ಬರೀ ದಪ್ಪಕ್ಷರ ಮಾಡಿ ಕಳಿಸುವವರಿಗೆ ಅದು ತಕ್ಕ ಶಾಸ್ತಿ.

ಒಂದೇ ಮೂಲದಿಂದ ಹಲವು ರೂಪ ತೆಗೆಯುವ ಯೋಚನೆ ಪ್ಯಾಂಡಾಕ್‌ಗಿಂತ ಹಳೆಯದು. ರಿಚರ್ಡ್ ಸ್ಟಾಲ್‌ಮನ್ ಅವರ ಟೆಕ್ಸ್‌ಇನ್ಫೋದಲ್ಲಿ ಒಂದೇ ಕಡತದಿಂದ ಅಚ್ಚಿನ ಪುಸ್ತಕವೂ ಟರ್ಮಿನಲ್ಲಿನಲ್ಲಿ ಓದುವ ಕೈಪಿಡಿಯೂ ಬರುತ್ತಿದ್ದವು. ನನ್ನ ಮೂಲಪ್ರತಿ ಇರುವುದು 2004ರಲ್ಲಿ ಜಾನ್ ಗ್ರೂಬರ್ ತಂದ ಮಾರ್ಕ್‌ಡೌನ್‌ನಲ್ಲಿ. ಶೀರ್ಷಿಕೆಗೆ ಹ್ಯಾಷ್, ಒತ್ತಿ ಹೇಳಬೇಕಾದಲ್ಲಿ ನಕ್ಷತ್ರ, ಅಷ್ಟೇ. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. 2018ರವರೆಗೆ ಆ ನೋಟ್‌ಪ್ಯಾಡಿಗೆ ಲಿನಕ್ಸ್‌ನ ಸಾಲುಮುರಿತ ಅರ್ಥವಾಗದೆ ಇಡೀ ಕಡತ ಒಂದೇ ಸಾಲಾಗಿ ಕಾಣುತ್ತಿತ್ತು ಎಂಬುದು ಬೇರೆ ಮಾತು.

ಪ್ಯಾಂಡಾಕ್ ಪಿಡಿಎಫ್ ಬರೆದುಕೊಡುತ್ತದೆ, ಆದರೆ ಓದುವುದಿಲ್ಲ. ಪಿಡಿಎಫ್‌ಗೆ ಮುಖ್ಯವಾಗಿ ಗೊತ್ತಿರುವುದು ಪುಟದ ಯಾವ ಜಾಗದಲ್ಲಿ ಯಾವ ಆಕಾರ ಕೂತಿದೆ ಎಂಬುದು. ಕನ್ನಡದ ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಡಿ, ಒತ್ತಕ್ಷರಗಳು ದಿಕ್ಕಾಪಾಲಾಗಿರುವುದೇ ಹೆಚ್ಚು.

ನಮ್ಮ ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳದ್ದೂ ಇದೇ ಕಥೆ. ಅವು ಉಳಿಸಿಕೊಂಡದ್ದು ಅಕ್ಷರವನ್ನಲ್ಲ, ಆಕಾರವನ್ನು. ‘ಕರ್ಮ’ ಎಂಬುದು ಅಲ್ಲಿ ಕಣ್ಣಿಗೆ ಕಂಡ ಹಾಗೆ ಕ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ನುಡಿದ ಹಾಗೆ ಕ, ರ್, ಮ. ಪರಿವರ್ತಕ ಆ ಅರ್ಕಾವತ್ತನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತರಬೇಕು. ಇದಾದರೂ ಲೆಕ್ಕಾಚಾರದ ಕೆಲಸ. ನಿಜವಾದ ಪಜೀತಿ ಇರುವುದು ನಡುನಡುವೆ ಇಂಗ್ಲಿಷ್ ಬಂದಾಗ. ಅವೇ ಸಂಕೇತಗಳು ಒಂದು ಫಾಂಟಿನಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕನ್ನಡ. ಯಾವುದು ಯಾವುದೆಂದು ಹೇಳುತ್ತಿದ್ದುದು ಫಾಂಟಿನ ಹೆಸರೊಂದೇ. ಬರೀ ಪಠ್ಯವನ್ನು ಪರಿವರ್ತಕಕ್ಕೆ ಅಂಟಿಸಿದರೆ ಆ ಹೆಸರು ಹೋಯಿತು, ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಹಾಗಾಗಿ ಹಳೆಯ ಕಡತ ಕೊಡುವವರು ವರ್ಡ್ ಪ್ರತಿಯನ್ನೇ ಕೊಡಲಿ.

ಯೂನಿಕೋಡ್ ಆದಮೇಲೂ ಎರಡು ಕಡೆ ಕಣ್ಣಿಡಬೇಕು. ಪ್ಯಾಂಡಾಕ್ ಪಿಡಿಎಫ್‌ಗೆ ತಾನಾಗಿ ಹಿಡಿಯುವ ದಾರಿಯಲ್ಲಿ ಕನ್ನಡ ನಡೆಯುವುದಿಲ್ಲ. ಎಂಜಿನ್ ಕ್ಸೀಲೇಟೆಕ್ ಎಂದೂ ಫಾಂಟು ನೋಟೊ ಸೆರಿಫ್ ಕನ್ನಡ ಎಂದೂ ನಾವೇ ಹೇಳಬೇಕು. ಎರಡನೆಯದು ‘ಸಾಫ್ಟ್‌ವೇರ್’ ಪದದ ನಡುವೆ ಅಡಗಿರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತು. ಕಡತವನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಯಾವುದಾದರೂ ತಂತ್ರಾಂಶ ಅದನ್ನು ಅಳಿಸಿತೋ, ಫಕಾರದ ಕಾಲಿಗೆ ಟ, ವ ಎರಡೂ ಒತ್ತುಗಳಾಗಿ ತಗಲಿಕೊಂಡು ‘ಸಾಫ್ಟ್ವೇರ್’ ಆಗುತ್ತದೆ. ಕಡತ ಕೈಬಿಡುವ ಮುನ್ನ ನಾನು ಮೊದಲು ಹುಡುಕುವುದು ಈ ಪದವನ್ನೇ. ಅದು ಸರಿಯಿದ್ದರೆ ಆಮೇಲೆ ಕೋಷ್ಟಕಗಳ ಕಡೆಗೆ ಹೋಗುತ್ತೇನೆ.