ಸಂಸ್ಥೆಗಳ ಲಾಘವ: ಕ್ಲೌಡ್ ಮತ್ತು ಸೇವಾವಿಭಾಗ ಮತದ ವಿಮರ್ಶೆ

ವ್ಯಾಪಾರಸಂಸ್ಥೆಗಳೂ ಸರ್ಕಾರದ ಇಲಾಖೆಗಳೂ ತಮ್ಮ ಲೆಕ್ಕಪತ್ರಗಳನ್ನು ಕಂಪ್ಯೂಟರುಗಳಿಗೆ ಒಪ್ಪಿಸತೊಡಗಿ ಅರ್ಧಶತಮಾನಕ್ಕೆ ಮೇಲಾಯಿತು. ಆ ಕಂಪ್ಯೂಟರುಗಳನ್ನು ಹೇಗೆ ಇಟ್ಟುಕೊಳ್ಳತಕ್ಕದ್ದು, ಅವುಗಳಲ್ಲಿ ನಡೆಯುವ ಸಾಫ್ಟ್‌ವೇರನ್ನು ಹೇಗೆ ರಚಿಸತಕ್ಕದ್ದು ಎಂಬ ವಿಷಯದಲ್ಲಿ ಈಚಿನ ಎರಡು ದಶಕಗಳಿಂದ ಒಂದು ಮತವು ಪ್ರಬಲವಾಗಿದೆ. ಸ್ವಂತ ಯಂತ್ರಗಳನ್ನು ಬಿಟ್ಟು ಕ್ಲೌಡನ್ನು ಆಶ್ರಯಿಸಿ, ಒಂದೇ ಗಟ್ಟಿಯಾಗಿರುವ ಸಾಫ್ಟ್‌ವೇರನ್ನು ಬೇರೆ ಬೇರೆ ಸೇವೆಗಳಾಗಿ ವಿಭಾಗಿಸಿದರೆ ಸಂಸ್ಥೆಯು ಚುರುಕಾಗುವುದು, ಕಾಲಕ್ಕೆ ತಕ್ಕಂತೆ ಬೇಗ ಬದಲಾಗಬಲ್ಲುದು ಎಂಬುದೇ ಆ ಮತ. ಇದನ್ನು ನಂಬಿ ಸಂಸ್ಥೆಗಳು ಬಹುದ್ರವ್ಯವನ್ನು ವೆಚ್ಚಮಾಡುತ್ತಿವೆ. ಭಾರತಸರ್ಕಾರವೂ ತನ್ನ ಇಲಾಖೆಗಳಿಗಾಗಿ ‘ಮೇಘರಾಜ’ ಎಂಬ ಹೆಸರಿನ ಕ್ಲೌಡನ್ನು ೨೦೧೪ರಲ್ಲಿ ಪ್ರಾರಂಭಿಸಿತು. ಪ್ರಜೆಗಳ ಹಣವೂ ಪ್ರಜೆಗಳ ಕಾರ್ಯವೂ ಇದರಲ್ಲಿ ಸೇರಿರುವುದರಿಂದ, ಈ ಮತದಲ್ಲಿ ಪ್ರಮಾಣಸಿದ್ಧವಾದ ಭಾಗವೆಷ್ಟು, ಬರಿಯ ಅರ್ಥವಾದವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

೧. ಲಕ್ಷಣವಿಚಾರ

‘ಕ್ಲೌಡ್’ ಎಂಬುದಕ್ಕೆ ಮೇಘವೆಂದರ್ಥ. ಜಾಲದ ನಕ್ಷೆಗಳಲ್ಲಿ ಒಳಗಿನ ವಿವರವು ಬೇಡವಾದ ಭಾಗವನ್ನು ಮೋಡದ ಆಕಾರದಲ್ಲಿ ಬರೆಯುತ್ತಿದ್ದ ವಾಡಿಕೆಯಿಂದ ಈ ಹೆಸರು ಬಳಕೆಗೆ ಬಂದಿತು. ಕಲ್ಪನೆಯಾದರೋ ಹೆಸರಿಗಿಂತ ಹಳೆಯದು. ಟೆಲಿಫೋನಿನಂತೆ ಗಣನೆಯೂ ಒಂದು ಕಾಲಕ್ಕೆ ಸಾರ್ವಜನಿಕ ಸೌಕರ್ಯವಾಗಬಹುದೆಂದು ಜಾನ್ ಮೆಕಾರ್ಥಿಯವರು ೧೯೬೧ರಲ್ಲಿಯೇ ಎಂ.ಐ.ಟಿ. ವಿದ್ಯಾಸಂಸ್ಥೆಯ ಶತಮಾನೋತ್ಸವದಲ್ಲಿ ಸೂಚಿಸಿದ್ದರು. ಅದು ವ್ಯಾಪಾರದ ರೂಪದಲ್ಲಿ ವಿಶಾಲವಾಗಿ ಪ್ರಚಾರಕ್ಕೆ ಬಂದದ್ದು ೨೦೦೬ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಅಮೆಜಾನ್ ಸಂಸ್ಥೆಯು ದತ್ತಾಂಶವನ್ನು ಶೇಖರಿಸಿಡುವ ಎಸ್-೩ ಎಂಬ ಸೇವೆಯನ್ನೂ, ಆಗಸ್ಟಿನಲ್ಲಿ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಇಸಿ-೨ ಎಂಬ ಸೇವೆಯನ್ನೂ ತೆರೆಯಿತು. ಅಮೆರಿಕದ ನಿಸ್ಟ್ ಎಂಬ ಮಾನಕಸಂಸ್ಥೆಯು ೨೦೧೧ರಲ್ಲಿ ಕ್ಲೌಡಿಗೆ ಐದು ಲಕ್ಷಣಗಳನ್ನು ಹೇಳಿದೆ. ಬೇಕೆಂದಾಗ ತಾನೇ ಪಡೆಯುವುದು, ಜಾಲದ ಮೂಲಕ ಎಲ್ಲೆಡೆಯಿಂದ ದೊರೆಯುವುದು, ಅನೇಕರಿಗೆ ಒಂದೇ ಸಂಗ್ರಹದಿಂದ ಹಂಚಿಕೆಯಾಗುವುದು, ಬೇಗನೆ ಹಿಗ್ಗಿ ಕುಗ್ಗುವುದು, ಬಳಸಿದಷ್ಟು ಅಳೆಯಲ್ಪಡುವುದು, ಇವೇ ಆ ಐದು. ಈ ಐದರಲ್ಲಿ ‘ಸಂಸ್ಥೆಯು ಚುರುಕಾಗುವುದು’ ಎಂಬುದು ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಅದು ಲಕ್ಷಣವಲ್ಲ, ವ್ಯಾಪಾರಿಗಳೂ ಲೇಖಕರೂ ಹೇಳುವ ಫಲ. ಫಲವೆಂದ ಬಳಿಕ ಅದಕ್ಕೆ ಬೇರೆ ಪ್ರಮಾಣವು ಬೇಕಾಗುತ್ತದೆ.

ಸೇವಾಪ್ರಧಾನ ರಚನೆಯ ಲಕ್ಷಣವು ಹೀಗಿದೆ: ಸಂಸ್ಥೆಯ ಒಂದೊಂದು ಕಾರ್ಯವನ್ನೂ, ಎಂದರೆ ಗ್ರಾಹಕನ ವಿಳಾಸ, ಸರಕಿನ ದಾಸ್ತಾನು, ಹಣದ ಪಾವತಿ ಮೊದಲಾದುವನ್ನು, ಒಂದೊಂದು ಸ್ವತಂತ್ರ ಸೇವೆಯನ್ನಾಗಿ ಮಾಡಿ, ಹೊರಗಿನವರು ಗೊತ್ತಾದ ಒಪ್ಪಂದದ ಮೂಲಕವೇ ಅದನ್ನು ಕೇಳಬೇಕಲ್ಲದೆ ಅದರ ಒಡಲಿಗೆ ಕೈಹಾಕಬಾರದೆಂದು ಗೊತ್ತುಮಾಡುವುದು. ಇದರ ಬೀಜವು ಡೇವಿಡ್ ಪಾರ್ನಾಸರು ೧೯೭೨ರಲ್ಲಿ ಬರೆದ ಪ್ರಬಂಧದಲ್ಲಿದೆ. ಕೆಲಸವು ನಡೆಯುವ ಕ್ರಮವನ್ನನುಸರಿಸಿ ವಿಭಾಗಮಾಡಬಾರದು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನು ಒಂದೊಂದು ಭಾಗದೊಳಗೆ ಅಡಗಿಸಬೇಕು ಎಂಬುದು ಅವರ ಸಿದ್ಧಾಂತ. ವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಅಷ್ಟಾಧ್ಯಾಯಿಯ ಕಡೆಯ ಮೂರು ಪಾದಗಳಲ್ಲಿ ಆದ ಕಾರ್ಯವು ಹಿಂದಿನ ಸೂತ್ರಗಳ ಪಾಲಿಗೆ ಆಗದಿದ್ದಂತೆಯೇ ಎಣಿಸಲ್ಪಡುತ್ತದೆ. ಹಾಗೆ ಅಡಗಿಸಿಟ್ಟಿರುವುದರಿಂದ ಕೊನೆಯ ಕಾರ್ಯಗಳು ಮೊದಲಿನವುಗಳನ್ನು ಕದಲಿಸಲಾರವು. ಪಾಣಿನಿಯು ಕಂಪ್ಯೂಟರನ್ನು ಬಲ್ಲವನಾಗಿದ್ದನೆಂದು ಇದರಿಂದ ಹೇಳಲಾಗದು. ಶಾಸ್ತ್ರವು ದೊಡ್ಡದಾದಾಗ ಮರೆಮಾಡುವಿಕೆಯು ಅವಶ್ಯಕವಾಗುವುದೆಂಬ ಅಂಶವು ಮಾತ್ರ ಎರಡು ಕಡೆಗೂ ಸಮಾನ.

೨. ಲಾಘವವು ಮೂರು ಬಗೆ

ಇನ್ನು ಸಾಧ್ಯವಾದ ಲಾಘವವೆಂದರೇನು? ೨೦೦೧ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಹದಿನೇಳು ಮಂದಿ ತಂತ್ರಜ್ಞರು ಸೇರಿ ಸಾಫ್ಟ್‌ವೇರ್ ರಚನೆಯಲ್ಲಿ ‘ಅಜೈಲ್’ ಪದ್ಧತಿಯನ್ನು ಸಾರಿದಂದಿನಿಂದ ಆ ಶಬ್ದವು ಎಲ್ಲರ ಬಾಯಲ್ಲಿದೆ; ಅರ್ಥವು ಮಾತ್ರ ನಿಶ್ಚಿತವಾಗಿ ನಿಲ್ಲಲಿಲ್ಲ. ಕನ್ನಡದಲ್ಲಿ ಇದಕ್ಕೆ ‘ಲಾಘವ’ವೆಂಬ ಶಬ್ದವನ್ನು ಸ್ವೀಕರಿಸಿದರೆ ವಿಚಾರಕ್ಕೆ ಅನುಕೂಲವುಂಟು. ಏಕೆಂದರೆ ಕೈಚಳಕವೂ ಲಾಘವವೇ, ಭಾರದ ಅಭಾವವೂ ಲಾಘವವೇ. ಮೇಲಾಗಿ ನೈಯಾಯಿಕರು ಲಾಘವವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಒಡಲಿನಲ್ಲಿ ಅವಯವಗಳು ಕಡಿಮೆಯಾಗಿರುವುದು ಶರೀರಕೃತ. ಬೇಗನೆ ಬುದ್ಧಿಗೆ ತೋರುವುದು ಉಪಸ್ಥಿತಿಕೃತ. ಸಂಬಂಧವು ನೇರವಾಗಿರುವುದು ಸಂಬಂಧಕೃತ. ಗಡಿಗೆಗೆ ದಂಡವು ಕಾರಣವೇ ಹೊರತು ದಂಡದ ಬಣ್ಣವು ಕಾರಣವಲ್ಲ. ಬಣ್ಣವನ್ನು ಕಾರಣವೆಂದರೆ ದಂಡದ ಮೂಲಕ ಬಳಸಿ ಬರುವ ಪರಂಪರಾಸಂಬಂಧದ ಭಾರವನ್ನು ಹೊರಬೇಕಾಗುವುದು. ಪ್ರಕೃತ ಮತವನ್ನು ಈ ಮೂರರಿಂದಲೂ ಪರೀಕ್ಷಿಸಬಹುದು.

ಶರೀರಕೃತ ಲಾಘವದಲ್ಲಿ ಕ್ಲೌಡಿನ ಪಕ್ಷವು ಬಲವಾಗಿದೆ. ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸುವ ಒಂದು ಮಂಡಲಿಯನ್ನು ಭಾವಿಸಿದರೆ, ವರ್ಷದಲ್ಲಿ ಒಂದೆರಡು ದಿನ ಲಕ್ಷಾಂತರ ವಿದ್ಯಾರ್ಥಿಗಳು ಏಕಕಾಲಕ್ಕೆ ನುಗ್ಗುವರು, ಉಳಿದ ದಿನಗಳಲ್ಲಿ ಅಂಗಳವು ಬರಿದು. ಆ ಒಂದು ದಿನಕ್ಕಾಗಿ ನೂರು ಸರ್ವರುಗಳನ್ನು ಕೊಂಡು ವರ್ಷವೆಲ್ಲ ಧೂಳುಹಿಡಿಸುವುದು ಮದುವೆಯ ಪಾತ್ರೆಗಳನ್ನು ಬಾಡಿಗೆಗೆ ತರದೆ ಕೊಂಡಿಟ್ಟುಕೊಂಡಂತೆ. ಸಾವಿರ ಸರ್ವರುಗಳನ್ನು ಒಂದು ಗಂಟೆ ಬಳಸಿದರೂ, ಒಂದು ಸರ್ವರನ್ನು ಸಾವಿರ ಗಂಟೆ ಬಳಸಿದರೂ ಬಾಡಿಗೆಯು ಒಂದೇ ಎಂಬ ಗುಣವನ್ನು ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ವಾಂಸರು ೨೦೦೯ರಲ್ಲಿ ಎತ್ತಿತೋರಿಸಿದರು. ಇದು ಹಿಂದೆ ಇರದಿದ್ದ ಅನುಕೂಲ. ಆದರೆ ಈ ಯುಕ್ತಿಯು ಬೇಡಿಕೆಯ ಏರಿಳಿತವನ್ನು ಅವಲಂಬಿಸಿದೆ. ದಿನವೂ ಒಂದೇ ಸಮನಾದ ಕೆಲಸವುಳ್ಳ ಸಂಸ್ಥೆಗೆ ಬಾಡಿಗೆಯು ಕ್ರಯಕ್ಕಿಂತ ಅಗ್ಗವೆಂಬ ನಿಯಮವಿಲ್ಲ. ಹೇತುವಿಲ್ಲದ ಸ್ಥಳದಲ್ಲಿಯೂ ಸಾಧ್ಯವನ್ನು ಹೇಳುವುದು ಈ ಮತದವರ ಮೊದಲನೆಯ ದೋಷ.

ಉಪಸ್ಥಿತಿಕೃತ ಲಾಘವವೂ ಬಹುಮಟ್ಟಿಗೆ ಒಪ್ಪತಕ್ಕದ್ದೇ. ಸರ್ವರಿಗಾಗಿ ಟೆಂಡರು ಕರೆದು, ಸರಕು ಬಂದು, ಜೋಡಣೆಯಾಗುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದಲ್ಲಿ ಈಗ ಕೆಲವು ನಿಮಿಷಗಳು ಸಾಕು. ಬೇಕಾದ ಸೇವೆಯು ಸಿದ್ಧವಾಗಿ ಎದುರಿಗಿದ್ದರೆ ಹೊಸ ಕಾರ್ಯವನ್ನು ಪ್ರಯೋಗಿಸಿ ನೋಡುವ ಧೈರ್ಯವೂ ಬರುತ್ತದೆ. ಆದರೂ ಯಂತ್ರವು ನಿಮಿಷದಲ್ಲಿ ಸಿಕ್ಕಿ, ಅದನ್ನು ಬಳಸುವ ಅಪ್ಪಣೆಯು ನಾಲ್ಕು ಮೇಜುಗಳನ್ನು ದಾಟಿ ಮೂರು ತಿಂಗಳಿಗೆ ಬರುವಂತಿದ್ದರೆ ಫಲವೇನು? ತಡವು ಎಲ್ಲಿದೆಯೆಂದು ನೋಡದೆ ಔಷಧವನ್ನು ಕೊಡುವವನು ವೈದ್ಯನಲ್ಲ.

೩. ಸಂಬಂಧಗೌರವ

ಈ ಮತದವರ ಗ್ರಂಥಗಳಲ್ಲಿ ಅತ್ಯಂತ ಕಡಿಮೆಯಾಗಿ ವಿಚಾರಿಸಲ್ಪಟ್ಟಿರುವುದು ಮೂರನೆಯ ಬಗೆ. ಒಂದು ಗಟ್ಟಿಯನ್ನು ಒಡೆದು ಹಲವು ಸೇವೆಗಳನ್ನಾಗಿ ಮಾಡಿದಾಗ ಪ್ರತಿಯೊಂದು ಸೇವೆಯ ಒಡಲೂ ಹಗುರವಾಗುವುದು ನಿಜ. ಆದರೆ ಒಡಲಿನಿಂದ ಇಳಿದ ಭಾರವು ಸಂಬಂಧಗಳ ಮೇಲೆ ಕುಳಿತುಕೊಳ್ಳುತ್ತದೆ. ಹತ್ತು ಸೇವೆಗಳ ನಡುವೆ ಸಂಭವಿಸಬಹುದಾದ ಜೋಡಿಗಳು ೪೫. ನೂರು ಸೇವೆಗಳಾದರೆ ೪,೯೫೦. ಹಿಂದೆ ಒಂದೇ ಯಂತ್ರದೊಳಗೆ ನೇರವಾಗಿ ನಡೆಯುತ್ತಿದ್ದ ಮಾತು ಈಗ ಜಾಲದ ಮೂಲಕ ಬಳಸಿ ನಡೆಯಬೇಕು, ಜಾಲವಾದರೋ ತಡೆಯುಂಟಾಗತಕ್ಕ ದಾರಿ. ಒಂದೊಂದು ಸೇವೆಯೂ ನೂರಕ್ಕೆ ೯೯.೯ ಪಾಲು ಕಾಲ ಎಚ್ಚರವಾಗಿರುವುದೆಂದು ಇಟ್ಟುಕೊಂಡರೆ, ಮೂವತ್ತು ದಿನಗಳ ತಿಂಗಳಿನಲ್ಲಿ ಅದು ನಿಲ್ಲುವ ಕಾಲ ಸುಮಾರು ೪೩ ನಿಮಿಷ. ಆದರೆ ಗ್ರಾಹಕನ ಒಂದು ಕೋರಿಕೆಯು ಪರಸ್ಪರ ಸ್ವತಂತ್ರವಾದ ಇಂಥ ಮೂವತ್ತು ಸೇವೆಗಳನ್ನೂ ಅಪೇಕ್ಷಿಸುವುದಾದರೆ, ಅದು ಫಲಿಸುವ ಕಾಲವು ನೂರಕ್ಕೆ ಸುಮಾರು ೯೭ ಪಾಲಿಗೆ ಇಳಿಯುತ್ತದೆ. ತಿಂಗಳಿಗೆ ಇಪ್ಪತ್ತೊಂದು ಗಂಟೆಗಳಷ್ಟು ನಿಲುಗಡೆ. ಯಾವ ಸೇವೆಯಲ್ಲಿಯೂ ವಿಶೇಷ ದೋಷವಿಲ್ಲದಿದ್ದರೂ ಸಂಬಂಧದಿಂದಲೇ ಈ ದೋಷವು ಹುಟ್ಟುತ್ತದೆ.

ಇದು ಊಹೆಯಲ್ಲವೆಂಬುದಕ್ಕೆ ದೃಷ್ಟಾಂತಗಳುಂಟು. ೨೦೧೭ರ ಫೆಬ್ರವರಿ ೨೮ರಂದು ಅಮೆಜಾನಿನ ಎಸ್-೩ ಸೇವೆಯ ನೌಕರನೊಬ್ಬನು ಕೆಲವೇ ಸರ್ವರುಗಳನ್ನು ತೆಗೆಯಲು ಹೋಗಿ, ಆಜ್ಞೆಯನ್ನು ತಪ್ಪಾಗಿ ಬರೆದದ್ದರಿಂದ ಅಧಿಕಸಂಖ್ಯೆಯ ಸರ್ವರುಗಳು ತೆಗೆಯಲ್ಪಟ್ಟವು. ಆ ಸೇವೆಯನ್ನು ನೆಚ್ಚಿದ್ದ ಅಸಂಖ್ಯಾತ ಸಂಸ್ಥೆಗಳ ಕಾರ್ಯವು ಗಂಟೆಗಟ್ಟಲೆ ನಿಂತಿತು. ಸೇವೆಗಳ ಆರೋಗ್ಯವನ್ನು ತೋರಿಸುವ ಅಮೆಜಾನಿನ ಫಲಕವೂ ಎಸ್-೩ನ್ನೇ ಆಶ್ರಯಿಸಿದ್ದುದರಿಂದ, ಮೊದಲಲ್ಲಿ ಅದರ ಮೇಲೆ ಕೆಟ್ಟ ಸುದ್ದಿಯನ್ನು ಬರೆಯುವುದೂ ಸಾಧ್ಯವಾಗಲಿಲ್ಲ. ಬೆಂಕಿಯ ಗಂಟೆಯನ್ನು ಉರಿಯುವ ಮನೆಯೊಳಗೇ ತೂಗುಹಾಕಿದ್ದಂತೆ ಆಯಿತು.

ಎರಡನೆಯ ದೃಷ್ಟಾಂತವು ಇನ್ನೂ ಬೋಧಕವಾದುದು. ಅಮೆಜಾನಿಗೇ ಸೇರಿದ ಪ್ರೈಮ್ ವಿಡಿಯೊ ಶಾಖೆಯಲ್ಲಿ ಚಿತ್ರಪ್ರಸಾರದ ಗುಣವನ್ನು ಪರೀಕ್ಷಿಸುವ ಒಂದು ವ್ಯವಸ್ಥೆಯನ್ನು ಹಲವು ಬಿಡಿ ಸೇವೆಗಳಾಗಿ ರಚಿಸಿದ್ದರು. ಸೇವೆಯಿಂದ ಸೇವೆಗೆ ಚಿತ್ರಗಳನ್ನು ಸಾಗಿಸುವುದರಲ್ಲಿಯೂ ಅವುಗಳ ಕ್ರಮವನ್ನು ನಡೆಸುವುದರಲ್ಲಿಯೂ ಹಣವು ಸೋರಿಹೋಗುತ್ತಿತ್ತು. ಅವುಗಳನ್ನು ಮತ್ತೆ ಒಂದೇ ಒಡಲಿಗೆ ಕೂಡಿಸಿದಾಗ ವೆಚ್ಚವು ನೂರಕ್ಕೆ ೯೦ರಷ್ಟು ಇಳಿಯಿತೆಂದು ಆ ಶಾಖೆಯವರೇ ೨೦೨೩ರಲ್ಲಿ ಪ್ರಕಟಿಸಿದರು. ಕ್ಲೌಡನ್ನು ಮಾರುವ ಸಂಸ್ಥೆಯ ಮನೆಯೊಳಗೇ ಹೀಗಾಗಿರುವಾಗ, ವಿಭಾಗಮಾಡಿದಷ್ಟೂ ಲಾಘವವೆಂಬ ವ್ಯಾಪ್ತಿಯು ಭಂಗವಾಯಿತೆಂದೇ ಹೇಳಬೇಕು. ಆದರೂ ಇಷ್ಟರಿಂದಲೇ ವಿಭಾಗವೆಲ್ಲ ವ್ಯರ್ಥವೆನ್ನುವುದು ಅತಿವ್ಯಾಪ್ತಿಯಾದೀತು. ಆ ವ್ಯವಸ್ಥೆಯ ಭಾಗಗಳು ಒಂದೇ ವಸ್ತುವನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದುವು. ಕೆಲಸದ ಕ್ರಮವನ್ನನುಸರಿಸಿ ವಿಭಾಗಮಾಡಬಾರದೆಂದು ಪಾರ್ನಾಸರು ನಿಷೇಧಿಸಿದ್ದುದು ಇಂಥದನ್ನೇ.

೪. ಅನುಕೂಲದೃಷ್ಟಾಂತದ ಪರೀಕ್ಷೆ

ಈ ಮತದವರು ಮೊದಲು ಉದಾಹರಿಸುವುದು ನೆಟ್‌ಫ್ಲಿಕ್ಸ್ ಸಂಸ್ಥೆಯನ್ನು. ೨೦೦೮ರ ಆಗಸ್ಟಿನಲ್ಲಿ ಆ ಸಂಸ್ಥೆಯ ಡೇಟಾಬೇಸು ಕೆಟ್ಟು, ಮೂರು ದಿನಗಳ ಕಾಲ ಗ್ರಾಹಕರಿಗೆ ಡಿ.ವಿ.ಡಿ.ಗಳನ್ನು ಕಳುಹಿಸಲಾಗಲಿಲ್ಲ. ಅನಂತರ ಅದು ಅಮೆಜಾನಿನ ಕ್ಲೌಡಿಗೆ ಸಾಗತೊಡಗಿ, ೨೦೧೬ರ ಜನವರಿಯಲ್ಲಿ ಆ ಕಾರ್ಯವನ್ನು ಮುಗಿಸಿತು. ಆ ವೇಳೆಗೆ ಜಾಲದ ಮೂಲಕ ಚಿತ್ರ ನೋಡುವ ಸದಸ್ಯರ ಸಂಖ್ಯೆಯು ೨೦೦೮ಕ್ಕಿಂತ ಎಂಟು ಮಡಿಯಾಗಿತ್ತು. ಅದೇ ತಿಂಗಳಲ್ಲಿ ೧೩೦ಕ್ಕೆ ಮೇಲ್ಪಟ್ಟ ಹೊಸ ದೇಶಗಳಿಗೆ ಪ್ರಸಾರವು ವಿಸ್ತರಿಸಿತು. ಇದು ಲಾಘವವೇ ಸರಿ, ಅಲ್ಲಗಳೆಯುವಂತಿಲ್ಲ.

ಆದರೆ ಇದಕ್ಕೆ ಹಿಡಿದ ಕಾಲವು ಏಳು ವರ್ಷ. ಇದ್ದ ಸಾಫ್ಟ್‌ವೇರನ್ನು ಇದ್ದಂತೆಯೇ ಎತ್ತಿ ಕ್ಲೌಡಿನಲ್ಲಿ ಇರಿಸಿದರೆ ಹಳೆಯ ದೋಷಗಳೂ ಜೊತೆಯಲ್ಲಿಯೇ ಬರುವುವೆಂದು ತಿಳಿದು, ಆ ಸಂಸ್ಥೆಯು ಬಹುಮಟ್ಟಿಗೆ ಎಲ್ಲವನ್ನೂ ಹೊಸದಾಗಿ ರಚಿಸಿತು. ಕೆಲಸಗಾರರ ಅಧಿಕಾರಕ್ರಮವನ್ನೂ ಬದಲಾಯಿಸಿತು. ಸರ್ವರುಗಳನ್ನು ತಾನೇ ಬೇಕೆಂದು ಅಲ್ಲಲ್ಲಿ ನಿಲ್ಲಿಸಿ ಉಳಿದವು ತಾಳುವುವೋ ಎಂದು ಪರೀಕ್ಷಿಸುವ ‘ಕೇಯಾಸ್ ಮಂಕಿ’ ಎಂಬ ಉಪಕರಣವನ್ನೂ ಮಾಡಿಕೊಂಡಿತು. ಇಷ್ಟಾದರೂ ೨೦೧೨ರ ಡಿಸೆಂಬರ್ ೨೪ರಂದು ಅಮೆಜಾನಿನ ಒಂದು ಸೇವೆಯು ಕೆಟ್ಟದ್ದರಿಂದ ನೆಟ್‌ಫ್ಲಿಕ್ಸಿನ ಅನೇಕ ಗ್ರಾಹಕರು ಹಬ್ಬದ ಸಂಜೆಯಲ್ಲಿ ಚಿತ್ರ ಕಾಣದೆ ಉಳಿದರು. ದೃಷ್ಟಾಂತವನ್ನು ಹೇಳುವವರು ಫಲವನ್ನು ಮಾತ್ರ ಹೇಳಿ ಇತಿಕರ್ತವ್ಯತೆಯನ್ನು ಬಿಡುತ್ತಾರೆ. ಯಾಗದ ಫಲವನ್ನು ಕೇಳಿ ಅಂಗಗಳನ್ನು ಬಿಟ್ಟವನಿಗೆ ಸ್ವರ್ಗವು ಹೇಗೆ ದೊರೆಯುವುದು?

ಅಮೆಜಾನಿನ ಇತಿಹಾಸವೂ ಇದನ್ನೇ ಸಾರುತ್ತದೆ. ೨೦೦೨ರ ಸುಮಾರಿಗೆ ಅದರ ಅಧಿಪತಿ ಜೆಫ್ ಬೆಜೋಸರು, ಎಲ್ಲ ತಂಡಗಳೂ ತಮ್ಮ ಕಾರ್ಯವನ್ನು ಸೇವಾರೂಪದ ಒಪ್ಪಂದಗಳ ಮೂಲಕವೇ ತೆರೆದಿಡಬೇಕು, ಬೇರೆ ದಾರಿಯಿಂದ ಪರಸ್ಪರ ವ್ಯವಹರಿಸಕೂಡದು ಎಂದು ಆಜ್ಞೆಮಾಡಿದರೆಂದು ಅಲ್ಲಿ ಹಿಂದೆ ಕೆಲಸದಲ್ಲಿದ್ದ ಸ್ಟೀವ್ ಯೆಗ್ಗಿಯವರು ೨೦೧೧ರಲ್ಲಿ ಬರೆದರು. ಸೇವೆಯನ್ನು ರಚಿಸಿದವರೇ ಅದನ್ನು ನಡೆಸಬೇಕೆಂಬ ನಿಯಮವನ್ನು ಅದರ ಮುಖ್ಯತಂತ್ರಜ್ಞರಾದ ವರ್ನರ್ ವೋಗೆಲ್ಸರು ೨೦೦೬ರಲ್ಲಿ ವಿವರಿಸಿದ್ದಾರೆ. ಎಂದರೆ ಅಲ್ಲಿ ಒಡೆದದ್ದು ಸಾಫ್ಟ್‌ವೇರನ್ನು ಮಾತ್ರವಲ್ಲ, ಅಧಿಕಾರವನ್ನೂ ಹೊಣೆಯನ್ನೂ. ಒಂದು ಸಂಸ್ಥೆಯು ರಚಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ವ್ಯವಸ್ಥೆಯನ್ನೇ ಹೋಲುವುದೆಂದು ಮೆಲ್ವಿನ್ ಕಾನ್ವೇಯವರು ೧೯೬೮ರಲ್ಲಿಯೇ ಹೇಳಿದ್ದುದು ಇಲ್ಲಿ ಸಾರ್ಥಕವಾಗುತ್ತದೆ. ಹೊಣೆಯನ್ನು ಹಂಚದೆ ಸೇವೆಗಳನ್ನು ಮಾತ್ರ ಹಂಚಿದ ಸಂಸ್ಥೆಗಳಲ್ಲಿ ಏನಾಯಿತೆಂಬುದನ್ನು, ಸೇವಾಪ್ರಧಾನ ರಚನೆಯು ಸತ್ತಿತೆಂದು ಆ ಶಾಸ್ತ್ರವನ್ನೇ ಬೋಧಿಸುತ್ತಿದ್ದ ಆನ್ ಥಾಮಸ್ ಮೇನ್ಸರು ೨೦೦೯ರ ಜನವರಿಯಲ್ಲಿ ಸಾರಿದ ಮಾತಿನಿಂದಲೇ ಊಹಿಸಬಹುದು. ಸೇವೆಗಳು ಬೇಡವೆಂದು ಅವರ ಅಭಿಪ್ರಾಯವಲ್ಲ. ಹೆಸರನ್ನೂ ಉಪಕರಣವನ್ನೂ ಹಿಡಿದು ತತ್ತ್ವವನ್ನು ಬಿಟ್ಟರೆಂಬುದೇ ಅವರ ಅಳಲು.

೫. ಸಿದ್ಧಾಂತ

ಹೀಗಿರುವುದರಿಂದ ನಿರ್ಣಯವಿಷ್ಟು. ಕ್ಲೌಡು ಶರೀರಕೃತ ಲಾಘವವನ್ನೂ ಉಪಸ್ಥಿತಿಕೃತ ಲಾಘವವನ್ನೂ ಕೊಡಬಲ್ಲುದು. ಮೊದಲನೆಯದು ಬೇಡಿಕೆಯು ಏರಿಳಿಯುವಲ್ಲಿ, ಎರಡನೆಯದು ಅಪ್ಪಣೆಯು ತಡವಾಗದಲ್ಲಿ. ಸೇವಾವಿಭಾಗವು ಬದಲಾವಣೆಯ ತೊಂದರೆಯನ್ನು ಒಂದು ಕಡೆ ಕಟ್ಟಿಹಾಕಬಲ್ಲುದು. ಆದರೆ ಅದು ಸಂಬಂಧಗೌರವವೆಂಬ ಬೆಲೆಯನ್ನು ತಪ್ಪದೆ ಕೇಳುತ್ತದೆ. ಯಾವ ವಿಭಾಗದಿಂದ ಉಳಿಯುವ ತೊಂದರೆಯು ಆ ಬೆಲೆಗಿಂತ ಹೆಚ್ಚೋ ಅದೊಂದೇ ಯುಕ್ತವಾದ ವಿಭಾಗ. ಸಂಸ್ಥೆಯ ಚುರುಕುತನಕ್ಕಾದರೋ ಇವೆರಡೂ ಸಹಕಾರಿಕಾರಣಗಳು ಮಾತ್ರ. ನಿರ್ಣಯಮಾಡುವ ಅಧಿಕಾರವೂ ಅದರ ಹೊಣೆಯೂ ಒಂದೇ ಕೈಯಲ್ಲಿರುವುದೇ ಪ್ರಧಾನಕಾರಣ.

ಸಾರ್ವಜನಿಕ ಸಂಸ್ಥೆಗಳಿಗೆ ಇನ್ನೊಂದು ಎಚ್ಚರವೂ ಬೇಕು. ಕ್ಲೌಡನ್ನು ಮಾರುವ ಒಂದೊಂದು ಸಂಸ್ಥೆಗೂ ಅದರದೇ ಆದ ಪರಿಭಾಷೆಯುಂಟು. ಆ ಪರಿಭಾಷೆಯಲ್ಲಿಯೇ ಎಲ್ಲವನ್ನೂ ಬರೆದುಕೊಂಡವರಿಗೆ ಹೊರಡುವ ದಿನ ಬಂದಾಗ ಬಾಗಿಲು ಕಿರಿದಾಗಿರುತ್ತದೆ. ಯಂತ್ರವನ್ನು ಬಾಡಿಗೆಗೆ ಪಡೆಯುವುದರಲ್ಲಿ ಹಾನಿಯಿಲ್ಲ. ತನ್ನ ವ್ಯವಸ್ಥೆಯನ್ನು ತಾನೇ ಅರಿತಿರುವ ಜ್ಞಾನವನ್ನೂ ಬಾಡಿಗೆಗೆ ಬಿಟ್ಟ ಸಂಸ್ಥೆಯು ಹಗುರವಾಗುವುದಿಲ್ಲ, ಪರಾಧೀನವಾಗುತ್ತದೆ. ಅರ್ಧಮಾತ್ರೆಯ ಲಾಘವಕ್ಕೂ ವೈಯಾಕರಣರು ಹಿಗ್ಗುವರೆಂಬ ಮಾತು ಪ್ರಸಿದ್ಧವಷ್ಟೆ. ಆದರೆ ಆ ಅರ್ಧಮಾತ್ರೆಯನ್ನು ಉಳಿಸುವಾಗ ಒಂದು ಪ್ರಯೋಗವೂ ಕೆಡಬಾರದೆಂಬ ನಿಯಮವನ್ನು ಅವರು ಎಂದೂ ಬಿಟ್ಟವರಲ್ಲ. ಕ್ಲೌಡಿಗೆ ಸಾಗುವ ಇಲಾಖೆಯು ತನ್ನ ಬಾಗಿಲಿಗೆ ಬರುವ ಒಬ್ಬ ಪ್ರಜೆಯ ಕೆಲಸವೂ ಇದರಿಂದ ಕೆಡದೆಂದು ತೋರಿಸಬಲ್ಲುದಾದರೆ, ಅದರ ಲಾಘವವು ಸಿದ್ಧವಾಯಿತೆಂದು ಎಣಿಸಬಹುದು.